ಉಜ್ಜಬ್ಯಾಡ

ಗಬ್ಬೂರ ಬೈಪಾಸಿನ್ಯಾಗ, ವಾಮನಸಾನ ಗ್ಯಾರೇಜಿಗೆ
ಗಾಲಿ ಹಚಕೊಂಡು ಒಂದು ಮನಿ ಬಂದು ನಿಂತಿತ್ತು.
ಒಳಗ ಒಲಿ, ಹಾಸಿಗಿ, ಕೈ ತೊಳಿಯೋ ಬಾನಿ,
ಹೊರಗ ಆರು ಕಿಟಕಿ, ಕರೀ ಚಾಳೀಸಿನಂಥಾವು.
ದಾಂಡೇಲಿ ಕಾಡಿನ ಹುಳ ಅವುಗಳ ಮ್ಯಾಲ ಸತ್ತಿದ್ವು,
ನವಲಗುಂದದ ಎರಿಮಣ್ಣು ಹುಳದ ಮ್ಯಾಲ ಕುಂತಿತ್ತು.

"ಫಕೀರವ್ವಾ, ಇವು ಗಾಜಲ್ಲ," ಅಂದ ವಾಮನಸಾ.
"ಪ್ಲಾಸ್ಟಿಕ್ಕು. ಮ್ಯಾಲೊಂದು ಲೇಪ ಐತಿ,
ಹಾಲಿನ ಕೆನಿಗಿಂತ ತೆಳ್ಳಗ.
ಅದು ಹೋತಂದ್ರ ಕಿಟಕಿ ಹೋತು.
ಉಜ್ಜಬ್ಯಾಡ."

ಉಜ್ಜಬ್ಯಾಡಂತ!
ನಾ ಯಾರ ಹೊಟ್ಟ್ಯಾಗ ಹುಟ್ಟಿದಾಕಿ ಕೇಳ್ರಿ:
ನಮ್ಮವ್ವ ಹುಣಸಿಹಣ್ಣು ಬೂದಿ ಹಚ್ಚಿ ತಿಕ್ಕಿ ತಿಕ್ಕಿ
ಹಿತ್ತಾಳಿ ಕೊಡದಾಗ ತನ್ನ ಮೂಗುಬಟ್ಟು ಕಂಡ ಮ್ಯಾಲ
ಕೊಡ ಕೆಳಗ ಇಡತಿದ್ಲು.
ನಾನೂ ಹನ್ನೊಂದು ವರ್ಷ ಡಿಪೋದಾಗ ರಾತ್ರಿ ಪಾಳಿ,
ಹಳೀ ಪೇಪರ್ ಉಂಡಿ ಮಾಡಿ
ಬಸ್ಸಿನ ಗಾಜು ಚರ್ ಚರ್ ಅನ್ನೂವಂಗ ತಿಕ್ಕಿದಾಕಿ.
ಎಲಿಅಡಿಕಿ ಉಗುಳು, ಕೂಸಿನ ವಾಂತಿ,
ನಿದ್ದ್ಯಾಗ ಆನಿಸಿದ ಎಣ್ಣಿತಲಿಯ ಗುಂಡನ ಗುರುತು,
ಎಲ್ಲಾಕ್ಕೂ ಒಂದ ಮದ್ದು.
ಹೊಳಪು ಬೇಕಂದ್ರ ರಟ್ಟಿ ಬೇಕು.

ಈ ಕಿಟಕಿಗೆ ಮೊದಲ ನೀರು.
ಪೈಪಿನ ಬಾಯಿಗೆ ಹೆಬ್ಬೆಟ್ಟು ಹಚ್ಚಲಾರದ
ಮ್ಯಾಲಿಂದ ಸುಮ್ಮನ ಬಿಡಬೇಕು.
ಮಣ್ಣು ತಾನ ಇಳೀಬೇಕು, ನಾವು ಇಳಸೂದಲ್ಲ.
ಸತ್ತ ಹುಳದ ಮ್ಯಾಲ ಹಸಿ ಅರಿವಿ ಹೊಚ್ಚಿ
ಒಂದು ಚಾ ಕುಡಿಯೋ ಹೊತ್ತು ಕುಂದ್ರಬೇಕು,
ಯಾರದೋ ಮಣ್ಣಿಗೆ ಹೋಗಿ ಕುಂತಂಗ.
ಬಿಸಲಾಗ ಮುಟ್ಟಬಾರದು. ನೀಲಿ ಔಷಧದ ಬಾಟ್ಲಿ
ಅದರ ಸನೇಕ ತರಬಾರದು.
ಒಣಾ ಬಟ್ಟಿ ಅಂದ್ರ ಅದಕ್ಕ ಉಸುಕಿನ ಕಾಗದ.
ಅಂಚಿನ ರಬ್ಬರಿಗೆ ಬ್ಯಾರೆ ಎಣ್ಣಿ, ಬೆರಳ ತುದಿಲೆ,
ಕೂಸಿನ ನೆತ್ತಿಗೆ ಹಚ್ಚಿದಂಗ.

ಹಿಂಗ ಐದು ಕಿಟಕಿ. ಮುಂಜಾನಿ ಸರದು ಮಧ್ಯಾಹ್ನಾತು.
ಅಷ್ಟೊತ್ತಿಗೆ ನಾ ಡಿಪೋದಾಗ ಒಂಬತ್ತು ಬಸ್ಸು ಮುಗಸತಿದ್ದೆ.
ಬೆನ್ನು ನೋಯಲಿಲ್ಲ, ಅದ ವಿಚಿತ್ರ ಅನಸ್ತು;
ಕೆಲಸ ಮಾಡಿದಂಗ ಅನಸಲಿಲ್ಲ.

ಆರನೇದು ಹಿಂದಿನ ಕಿಟಕಿ. ಅದರ ಎಡಕಿನ ಮೂಲ್ಯಾಗ
ಬೇವಿನ ಅಂಟಿನ ಒಂದು ಚುಕ್ಕಿ, ಸಾಸಿವಿಯಷ್ಟು.
ನೀರಿಗೆ ಜಗ್ಗಲಿಲ್ಲ. ಸಾಬಣಿನ ನೊರಿಗೆ ಜಗ್ಗಲಿಲ್ಲ.
ಕುಂತೆ. ಇನ್ನೊಂದು ಚಾ ಕುಡದೆ. ಜಗ್ಗಲಿಲ್ಲ.
ಆಗ ಕೈಗೆ ಅವ್ವ ನೆನಪಾದ್ಲು.
ಸೆರಗಿನ ತುದಿ, ಒಂದ ಸಲ,
ಜೋರಾಗಿ.

ಚುಕ್ಕಿ ಹೋತು.
ಅದರ ಜಾಗಾದಾಗ ಒಂದು ಗೀರು,
ಬೆಳ್ಳಗ, ನರೆಗೂದಲದಂಥಾದ್ದು.
ನೆಟ್ಟಗ ನೋಡಿದ್ರ ಇಲ್ಲ, ವಾರಿಲೆ ನೋಡಿದ್ರ ಐತಿ.
ನಾ ವಾಮನಸಾಗ ಹೇಳಲಿಲ್ಲ.

ಸಂಜೀಕ ಗಾಡಿ ಒಡತಿ ಬಂದ್ಲು, ಉಳ್ಳಾಗಡ್ಡಿ ಟೀಚರ್,
ಮೂವತ್ತು ವರ್ಷ ಗದಗಿನ ಸಾಲ್ಯಾಗ
ಚಿತ್ರ ಬರಿಯೂದು ಕಲಿಸಿದಾಕಿ. ಸ್ಟೇರಿಂಗ್ ಆಕೀದ,
ಮಾರ್ಗ ಆಕೀದ, ಜೊತಿಗೆ ಯಾರೂ ಇಲ್ಲ.
ಗಾಡಿ ಸುತ್ತ ಒಂದು ಸುತ್ತು ಹಾಕಿದ್ಲು.
ಹಿಂದಿನ ಕಿಟಕಿ ಮುಂದ ನಿಂತ್ಲು.
ಒಂದು ಕಣ್ಣು ಮುಚ್ಚಿದ್ಲು. ತಲಿ ವಾರಿ ಮಾಡಿದ್ಲು.
ಬಿಸಲು ಅಡ್ಡಡ್ಡ ಬಿದ್ದಿತ್ತು.
ನನ್ನ ಎದಿ ಬಸ್ಸಿನ ಎಂಜಿನ್ ಆತು.

"ಈ ಕಿಟಕಿ ಯಾರು ತೊಳದದ್ದು?"
"ನಾನ್ರಿ."
"ಹೂಂ," ಅಂದ್ಲು. ಅಷ್ಟ.
ಆ ಹೂಂದಾಗ ಏನಿತ್ತೋ ಇವತ್ತಿಗೂ ತಿಳಿದಿಲ್ಲ.
ಮೆತ್ತನ ಅರಿವಿಯ ಗವಸು ಹೆಂಗ ಹಾಕೂದು,
ಗಿಡದ ಕೆಳಗ ನಿಲ್ಲಿಸಿದ್ರ ಏನಾಗತೈತಿ,
ಎಲ್ಲಾ ನಾನ ಹೇಳಿಕೊಟ್ಟೆ, ದೊಡ್ಡ ಪಂಡಿತಳಂಗ.

ರಾತ್ರಿ ಮನ್ಯಾಗ ಬೋಗುಣಿ ಮುಂದ ಕುಂತೆ.
ಹಸಿ ಅರಿವಿ ಹೊಚ್ಚಿ ಕಾಯಲೇನು ಅಂತ
ಕೈ ಒಂದು ಗಳಿಗಿ ತಡದ್ವು.
ತಳಕ್ಕ ಹತ್ತಿದ ಅನ್ನ ತಾನ ಇಳದೀತ?
ತಿಕ್ಕಿದೆ.

ಗಾಡಿ ಈಗ ಕಚ್ಛದ ಉಪ್ಪಿನ ಬಯಲಾಗ ಐತಂತ,
ವಾಮನಸಾನ ಫೋನಿಗೆ ಫೋಟೋ ಬಂದಿತ್ತು.
ನಾ ಅಣ್ಣಿಗೇರಿ ದಾಟಿ ಆಚಿ ಹೋದಾಕಿ ಅಲ್ಲ.
ಫೋಟೋ ದೊಡ್ಡದು ಮಾಡಿ ನೋಡಿದೆ,
ಎಡಕಿನ ಮೂಲಿ,
ಬೆಳ್ಳನ ಬಯಲಾಗ ಬೆಳ್ಳನ ಗೀರು
ಎಲ್ಲೆ ಕಾಣಬೇಕು.